ತೂತಿದ್ದ ಬೆರಳುಟೋಪಿ

"ನಿಮ್ಮಕ್ಕ ಬಂದವ್ಳೆ ಕಣೆ. ದೋಣಿಯಿಂದ ಇಳೀತವ್ಳೆ," ಎಂದು ಸಿಸ್ಲಿ ಮುದುಕಿ ಬಾಗಿಲಿಗೆ ಬಂದು ಹೇಳಿದಾಗ ಆನಿಸ್ ಜೋಳ ಕುಟ್ಟುತ್ತಿದ್ದಳು. ಎತ್ತಿದ ಒನಕೆ ಎತ್ತಿದಂತೆಯೇ ನಿಂತಿತು. ಆನಿಸ್ ಅಕ್ಕ ಎಂದು ಕರೆಯುತ್ತಿದ್ದದ್ದು ಲೋಕದಲ್ಲಿ ಒಬ್ಬಳನ್ನೇ. ಆ ಒಬ್ಬಳು ಇಗರ್ಜಿಯ ಪಕ್ಕದ ಮಣ್ಣಿನಲ್ಲಿ ಮಲಗಿ ವರ್ಷದ ಮೇಲಾಗಿತ್ತು.

ಒಡಹುಟ್ಟಿದ ಅಕ್ಕನಲ್ಲ. ಗಂಡ ಜರ್ವೇಸನ ಮೊದಲ ಹೆಂಡತಿ, ಥಾಮಸಿನ್. ಹೋದ ವರ್ಷ ವಸಂತದಲ್ಲಿ, ನಾವು ಕಡಲು ದಾಟಿ ಬರುವ ಮೊದಲಿನಿಂದ ಇಲ್ಲಿದ್ದ ಕಾಡಿನವರು ನದಿಯುದ್ದಕ್ಕೂ ನಮ್ಮ ತೋಟಗಳ ಮೇಲೆ ಬಿದ್ದರಲ್ಲ, ಆ ಬೆಳಿಗ್ಗೆ ನಮ್ಮೂರು ಮೆರಿಡನ್ ಹಂಡ್ರೆಡ್‌ನಲ್ಲಿ ಹೋದವರಲ್ಲಿ ಅವಳೂ ಒಬ್ಬಳು. ಅವರು ಬಿಲ್ಲುಬಾಣ ಹಿಡಿದು ಬರಲಿಲ್ಲ. ಎಂದಿನಂತೆ ಜಿಂಕೆಮಾಂಸ, ಮೀನು ಹೊತ್ತು ಬಂದರು, ನಮ್ಮ ಮೇಜಿನಲ್ಲೇ ಕೂತು ಗಂಜಿ ಕುಡಿದರು, ಆಮೇಲೆ ನಮ್ಮದೇ ಕೊಡಲಿಗಳನ್ನು ಕೈಗೆತ್ತಿಕೊಂಡರು. ಅವರ ಜೋಳದ ಹೊಲಗಳನ್ನು ಒಂದೊಂದಾಗಿ ಹೊಗೆಸೊಪ್ಪಿನ ತೋಟ ಮಾಡಿಕೊಂಡವರು ನಾವು ಎಂಬುದನ್ನು ಆಗ ಯಾರೂ ನೆನೆಯಲಿಲ್ಲ. ಈಗಲೂ ನೆನೆಯುವವರು ಕಡಿಮೆ.

ಜರ್ವೇಸ್ ಆ ಹೊತ್ತು ಹಳ್ಳದಾಚೆ ಮರ ಕಡಿಯುತ್ತಿದ್ದದ್ದರಿಂದ ಉಳಿದ. ಓಡಿ ಬಂದಾಗ ಮನೆಯಿರಲಿಲ್ಲ. ಬೂದಿಯಲ್ಲಿ, ಒಲೆಯ ಪಕ್ಕದಲ್ಲಿ, ಗುರುತು ಸಿಗದಂತೆ ಬೆಂದ ಒಂದು ಹೆಣ್ಣಿನ ಮೈ ಸಿಕ್ಕಿತು. ಅದರ ಕೊರಳಿನ ಹತ್ತಿರ ಹೆಂಡತಿಯ ಬೆರಳುಟೋಪಿ ಬಿದ್ದಿತ್ತು. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಡುವ ಹಿತ್ತಾಳೆಯ ಚಿಕ್ಕ ಟೋಪಿ ಅದು, ಥಾಮಸಿನ್ ತವರೂರು ಡೆವನ್‌ನಿಂದ ತಂದದ್ದು. ಬೇರೆ ಸಾಕ್ಷಿ ಯಾರಿಗೆ ಬೇಕು? ಮೈಯನ್ನು ದುಪ್ಪಟಿಯಲ್ಲಿ ಸುತ್ತಿ ಹೂಳಿದರು. ಬೆರಳುಟೋಪಿಯನ್ನು ಜರ್ವೇಸ್ ಜೇಬಿಗೆ ಹಾಕಿಕೊಂಡ.

ಆನಿಸ್ ಬಂದದ್ದು ಆ ವರ್ಷದ ಕೊನೆಗೆ, ಬ್ರಿಸ್ಟಲ್‌ನಿಂದ ಹೊರಟ ಹಡಗಿನಲ್ಲಿ. ಬಂದ ಒಂದೆರಡು ವಾರಕ್ಕೆ ಮದುವೆ. ನಮ್ಮಲ್ಲಿ ಅದೇನೂ ಅವಸರವಲ್ಲ. ಮೊದಲ ಬೇಸಿಗೆ ಹೊಸಬರನ್ನು ಹದ ಮಾಡುತ್ತದೆ ಎನ್ನುತ್ತೇವೆ. ಹದವಾದವರು ಉಳಿಯುತ್ತಾರೆ, ಆಗದವರು ಚಳಿಜ್ವರದಲ್ಲಿ ನಡುಗಿ ಇಗರ್ಜಿಯ ಪಕ್ಕಕ್ಕೆ ಹೋಗುತ್ತಾರೆ. ಹಾಗಿರುವ ಊರಲ್ಲಿ ವರ್ಷಗಟ್ಟಲೆ ದುಃಖಪಡಲು ಯಾರಿಗೂ ಪುರುಸೊತ್ತಿಲ್ಲ. ಮದುವೆಯ ದಿನ ಜರ್ವೇಸ್ ಬೆರಳುಟೋಪಿಯನ್ನು ಅವಳ ಅಂಗೈಯಲ್ಲಿಟ್ಟು, ಅವಳದು, ಇನ್ನು ನೀನು ಇಟ್ಟುಕೊ ಎಂದಿದ್ದ. ಅದರ ನೆತ್ತಿಯಲ್ಲಿ ಒಂದು ತೂತಿತ್ತು. ಸೂಜಿಯ ಹಿಂಭಾಗ ಆಗಾಗ ಆ ತೂತಿನಲ್ಲೇ ಹೊಕ್ಕು ಬೆರಳಿಗೆ ಚುಚ್ಚುತ್ತಿತ್ತು. ಬೆಂಕಿಗೆ ಹಾಗಾಗಿರಬೇಕು ಎಂದುಕೊಂಡು ಆನಿಸ್ ಬೆರಳು ಚೀಪಿಕೊಂಡು ಸುಮ್ಮನಾಗುತ್ತಿದ್ದಳು.

ಈ ದೇಶದಲ್ಲಿ ಅವಳಿಗೆ ತನ್ನವರೆನ್ನುವ ಹೆಂಗಸು ಯಾರೂ ಇರಲಿಲ್ಲ. ಹಾಗಾಗಿ ಗೋರಿಯನ್ನೇ ಮಾಡಿಕೊಂಡಳು. ನದಿಯ ದಡದಿಂದ ಸಿಂಪಿಯ ಚಿಪ್ಪು ಹೆಕ್ಕಿ ತಂದು ಸುತ್ತ ಜೋಡಿಸಿದಳು. ಸಂಜೆ ನೀರಿಗೆ ಹೋಗುವಾಗ ಒಂದು ಗಳಿಗೆ ಅಲ್ಲಿ ಕೂತು ಮಾತಾಡುತ್ತಿದ್ದಳು: ಅಕ್ಕ, ನಿನ್ನ ಗಂಡನ ಗೊರಕೆಯನ್ನು ನೀನು ಹೇಗೆ ತಡೆದುಕೊಂಡೆ? ಅಕ್ಕ, ನನಗೆ ಹೊಟ್ಟೆಯಲ್ಲಿದೆ, ನಿನಗೆ ಬೇಸರವಿಲ್ಲ ತಾನೆ? ಸತ್ತವಳು ಬೇಸರವಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಇಬ್ಬರ ನಡುವೆ ಒಳ್ಳೆಯ ಹೊಂದಾಣಿಕೆ ಇತ್ತು.

ಈಗ ಆ ಸತ್ತವಳು ದೋಣಿಯಿಂದ ಇಳಿಯುತ್ತಿದ್ದಾಳಂತೆ.

ಆನಿಸ್ ತುಂಬಿದ ಹೊಟ್ಟೆಯನ್ನು ಹಿಡಿದುಕೊಂಡು ದಡಕ್ಕೆ ನಡೆದಳು. ಅಲ್ಲಿ ಜನ ನೆರೆದಿತ್ತು. ಆದರೆ ಬಂದವಳ ಗುರುತು ಯಾರಿಗೂ ಇರಲಿಲ್ಲ, ಏಕೆಂದರೆ ಎಲ್ಲರೂ ಅವಳು ಹೋದ ಮೇಲೆ ಬಂದವರು. ಹಳಬರಲ್ಲಿ ಉಳಿದದ್ದು ಜರ್ವೇಸ್ ಮತ್ತು ಸಿಸ್ಲಿ ಇಬ್ಬರೇ. ಮೇಲಿನ ಹೊಳೆಯಲ್ಲಿ ಕಾಡಿನವರ ಜೊತೆ ಮಾತುಕತೆಗೆ ಹೋಗಿದ್ದ ಕ್ಯಾಪ್ಟನ್ ಟ್ರೆವಿಲ್ ಗಾಜಿನ ಮಣಿ ಕೊಟ್ಟು ಅವಳನ್ನು ಸೆರೆಯಿಂದ ಬಿಡಿಸಿ ತಂದಿದ್ದ. ಅವನ ಕೋಟು ಅವಳ ಹೆಗಲ ಮೇಲಿತ್ತು, ಕೋಟಿನ ಕೆಳಗೆ ಜಿಂಕೆಯ ಚರ್ಮ, ಕಾಲು ಬರಿಗಾಲು. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು, ತಪ್ಪು ಊರಿಗೆ ಇಳಿದವರ ಹಾಗೆ.

ಜರ್ವೇಸ್ ಸಸಿ ನೆಡುತ್ತಿದ್ದ ಕೈಯ ಮಣ್ಣಿನ ಸಮೇತ ಓಡಿ ಬಂದ. ಬಂದವನು ಒಂದು ಮಾರು ದೂರದಲ್ಲಿ ನಿಂತುಬಿಟ್ಟ. ಮೊದಲು ಮಾತಾಡಿದವಳು ಅವಳೇ. ನುಡಿ ಮರೆತವಳಂತೆ ಒಂದೊಂದೇ ಪದ ಹುಡುಕಿ ಆಡಿದಳು.

"ನಿನ್ನ ಕೂದ್ಲು ಬೆಳ್ಳಗಾಗೈತೆ, ಜರ್ವೇಸ್."

ಆಮೇಲೆ ಅವಳ ಕಣ್ಣು ಅವನನ್ನು ದಾಟಿ ಆನಿಸ್‌ಳ ಹೊಟ್ಟೆಯ ಮೇಲೆ ಬಿತ್ತು. ಅಲ್ಲಿಂದ ಜರ್ವೇಸನ ಮುಖಕ್ಕೆ, ಮತ್ತೆ ಹೊಟ್ಟೆಗೆ. ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಮೂವರೂ ಮನೆಗೆ ನಡೆದರು. ಯಾರ ಪಕ್ಕ ನಡೆಯಬೇಕೆಂದು ಜರ್ವೇಸನಿಗೆ ತಿಳಿಯಲಿಲ್ಲ. ಮೊದಲು ನಡುವೆ ನಡೆದ, ಅದು ಸರಿಕಾಣದೆ ಮುಂದೆ ಹೋದ, ಅದೂ ಸರಿಕಾಣದೆ ಹಿಂದುಳಿದ. ಸಿಸ್ಲಿ ಮುದುಕಿ ಇದನ್ನು ನೋಡಿ, "ಒಬ್ಬಳನ್ನ ಕಟ್ಕೊಂಡೋನು ಕೆಟ್ಟ, ಇಬ್ಬರನ್ನ ಕಟ್ಕೊಂಡೋನು ಕೆಟ್ಟೂ ಕೆಟ್ಟ," ಎಂದಳು. ಹೇಳಿ ತಾನೇ ಕಣ್ಣೊರೆಸಿಕೊಂಡಳು. ಅವಳ ಇಬ್ಬರು ಗಂಡುಮಕ್ಕಳು ಅದೇ ಬೆಳಿಗ್ಗೆ ಹೋದವರು. ಅವರಲ್ಲಿ ಯಾರೂ ಯಾವ ದೋಣಿಯಿಂದಲೂ ಇಳಿದಿರಲಿಲ್ಲ.

ಮನೆಯಲ್ಲಿ ಆನಿಸ್ ಹಾಸಿಗೆ ಬಿಟ್ಟುಕೊಟ್ಟಳು. ಥಾಮಸಿನ್ ಬೇಡವೆಂದು ಒಲೆಯ ಪಕ್ಕ ನೆಲದ ಮೇಲೆ ಮುದುಡಿಕೊಂಡಳು. ಆ ಮನೆ ಹಳೆಯ ಮನೆಯ ಬೂದಿಯ ಮೇಲೇ ಎದ್ದದ್ದು, ಒಲೆಯೂ ಹಳೆಯ ಒಲೆಯ ಜಾಗದಲ್ಲೇ ಇತ್ತು. ಜರ್ವೇಸ್ ಹೊರಗೆ ಹೋಗಿ ಸೌದೆ ಒಡೆಯತೊಡಗಿದ. ಗಂಡಸರು ದಿಕ್ಕು ತೋಚದಿದ್ದರೆ ಸೌದೆ ಒಡೆಯುತ್ತಾರೆ. ಚಳಿಗಾಲಕ್ಕೂ ಮಿಕ್ಕುವಷ್ಟು ಒಡೆದು, ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಯಲ್ಲಿ ಮಲಗಿದ.

ಊರಿನ ಬಾಯಿಗೆ ಬೀಗವಿಲ್ಲ. ಮರುದಿನವೇ ಜನ ಎರಡಾದರು. ದೇವರೆದುರು ಮೊದಲು ಕೈಹಿಡಿದವಳೇ ಹೆಂಡತಿ ಎಂದು ಒಂದು ಕಡೆ, ಸತ್ತವಳೆಂದು ಮಣ್ಣು ಹಾಕಿದ ಮೇಲೆ ಬಂಧನ ಮುಗಿಯಿತು ಎಂದು ಇನ್ನೊಂದು ಕಡೆ. ಪಾದ್ರಿಗೇ ಖಚಿತವಿರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕ್ಯಾಪ್ಟನ್‌ನೂ ತಾನೂ ಕೂತು ವಿಚಾರಿಸುವುದಾಗಿ ಹೇಳಿ ಕಳಿಸಿದ. ಸಿಸ್ಲಿ ಪಾದ್ರಿಯ ಮನೆ ಗುಡಿಸುವವಳು, ಒಳಗಿನ ಮಾತೆಲ್ಲ ಅವಳ ಪೊರಕೆಯ ಜೊತೆ ಬರುತ್ತಿತ್ತು. ಅವಳು ಆನಿಸ್‌ಳನ್ನು ಕೋಳಿಗೂಡಿನ ಹಿಂದೆ ಕರೆದು ಕೂರಿಸಿ ತಿಳಿಸಿದಳು. ಜರ್ವೇಸ್ ಮೊದಲ ಹೆಂಡತಿಯ ಸಾವಿನ ಗುರುತನ್ನು ಕಣ್ಣಾರೆ ನೋಡಿ, ನಂಬಿ, ಮದುವೆಯಾದನೆಂದು ತೋರಿದರೆ, ಎರಡನೆಯ ಮದುವೆಯನ್ನು ಉಳಿಸಲು ಪಾದ್ರಿ ಜೇಮ್ಸ್‌ಟೌನಿನಲ್ಲಿ ಆಳುವ ದೊಡ್ಡವರಿಗೆ ಹೇಳುತ್ತಾನೆ. ಗುರುತೇ ಇರಲಿಲ್ಲವೆಂದರೆ ಆ ಮದುವೆ ಆಗಲೇ ಇಲ್ಲ.

"ಆಗ್ಲೇ ಇಲ್ಲ ಅಂದ್ರೆ?" ಎಂದಳು ಆನಿಸ್.

"ಅಂದ್ರೆ ನಿನ್ನ ಹೊಟ್ಟೇಲಿರೋದಕ್ಕೆ ಅಪ್ಪನ ಹೆಸರಿಲ್ಲ. ನಿಂಗೆ ಸೂರಿಲ್ಲ. ಗಂಡಸಿನ ಬಾಯಿಮಾತನ್ನ ಅವ್ರು ನಂಬಲ್ಲ ಕಣೆ, ಅವನ ಅನುಕೂಲಕ್ಕೆ ಹೇಳ್ತವ್ನೆ ಅಂತಾರೆ. ಕೈಲಿ ಹಿಡಿದು ತೋರ್ಸೋ ವಸ್ತು ಬೇಕು." ಮುದುಕಿ ಆನಿಸ್‌ಳ ಬೆರಳು ಹಿಡಿದು ಒತ್ತಿದಳು. "ಆ ಹಿತ್ತಾಳೆ ಟೋಪಿ ಐತಲ್ಲ, ಅದೇ ನಿನ್ನ ಮದ್ವೆ ಉಂಗುರ ಅನ್ಕೋ. ಭಾನುವಾರದವರೆಗೂ ಬೆರಳಿಂದ ತೆಗೀಬೇಡ."

ಆನಿಸ್ ತೆಗೆಯಲಿಲ್ಲ. ಜೋಳ ಕುಟ್ಟುವಾಗಲೂ, ಹಂದಿಗೆ ಹಾಕುವಾಗಲೂ ಬೆರಳಲ್ಲೇ ಇಟ್ಟುಕೊಂಡಳು. ಆದರೆ ಥಾಮಸಿನ್ ಎದುರಾದಾಗ ಆ ಕೈ ತಾನಾಗಿ ಬಟ್ಟೆಯ ಮಡಿಕೆಯೊಳಗೆ ಹೋಗುತ್ತಿತ್ತು. ಏಕೆಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಬಂದವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಅವಳು ಒನಕೆಯನ್ನು ಇವಳ ಕೈಯಿಂದ ಕಿತ್ತುಕೊಂಡು, ಬಸುರಿ ಕೂತ್ಕೊ ಎಂದು ಎಲ್ಲ ಜೋಳವನ್ನೂ ತಾನೇ ಕುಟ್ಟಿ ಹಾಕಿದ್ದಳು. ಹಾಗೆಂದು ಪ್ರೀತಿಸಲೂ ಆಗಲಿಲ್ಲ. ಪ್ರೀತಿಯೆಲ್ಲ ಗೋರಿಯಲ್ಲಿದ್ದವಳಿಗೆ ಖರ್ಚಾಗಿತ್ತು. ಈಕೆ ಬೇರೆ ಯಾರೋ, ಅವಳ ಹೆಸರು ಇಟ್ಟುಕೊಂಡು ಬಂದವಳು ಎನಿಸುತ್ತಿತ್ತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಎದ್ದು ನೋಡಿದರೆ ಒಲೆಯ ಪಕ್ಕ ಯಾರೂ ಇರಲಿಲ್ಲ. ಆನಿಸ್ ಕೊಡ ಎತ್ತಿಕೊಂಡು ಹೊರಟಳು. ಇಗರ್ಜಿಯ ಪಕ್ಕ, ಸಿಂಪಿಯ ಚಿಪ್ಪಿನ ಗೋರಿಯ ತಲೆಯ ಬಳಿ ಥಾಮಸಿನ್ ಕಾಲು ಮಡಚಿ ಕೂತಿದ್ದಳು. ಮುಖದ ತುಂಬ ಒಲೆಯ ಮಸಿ ಬಳಿದುಕೊಂಡಿದ್ದಳು. ಆನಿಸ್‌ಳ ಕೈಯಿಂದ ಕೊಡ ಜಾರಿತು.

"ಹೆದರ್ಬೇಡ," ಎಂದಳು ಥಾಮಸಿನ್. "ಅವರಲ್ಲಿ ಸತ್ತೋರಿಗೆ ಹೆಂಗಸರು ಹೀಗೆ ಅಳೋದು. ಈ ಚಿಪ್ಪೆಲ್ಲ ಜೋಡ್ಸಿದ್ದು ನೀನಾ?"

"ಹೂಂ."

"ನಂಗೆ ಅಂತ?"

"ನಿಮಗೆ ಅಂತ್ಲೇ." ಗೋರಿಗೆ ನೀನು ಎನ್ನುತ್ತಿದ್ದವಳಿಗೆ ಎದುರಿಗೆ ಕೂತವಳನ್ನು ಹಾಗೆ ಕರೆಯಲು ನಾಲಿಗೆ ಹೊರಳಲಿಲ್ಲ.

"ನಾನು ಇದ್ರೊಳಗೆ ಇರ್ಲಿಲ್ಲ," ಎಂದಳು ಥಾಮಸಿನ್, ಕ್ಷಮೆ ಕೇಳುವವಳ ಹಾಗೆ.

ಆಮೇಲೆ ಹೇಳಿದಳು. ಮಾತು ತಡವರಿಸುತ್ತ ಬಂತು, ಕೆಲವು ಕಡೆ ಅವರ ನುಡಿಯೇ ಬಾಯಿಗೆ ಬಂದು ನಿಲ್ಲಿಸಿ ನಮ್ಮದನ್ನು ಹುಡುಕುತ್ತಿದ್ದಳು. ಮುಂಚೆ ಒಬ್ಬ ಕಾಡಿನ ಹೆಂಗಸು ಜೋಳ, ಹಣ್ಣು ತರುತ್ತಿದ್ದಳು. ಥಾಮಸಿನ್‌ಳದೇ ವಯಸ್ಸು. ಬಂದಾಗಲೆಲ್ಲ ಎದೆ ಮುಟ್ಟಿಕೊಂಡು 'ನೆಟೊಪು' ಎನ್ನುತ್ತಿದ್ದಳು. ಅದೇ ಅವಳ ಹೆಸರೆಂದು ಥಾಮಸಿನ್ ಅವಳನ್ನು ನೆಟೊಪು ಎಂದು ಕರೆದಳು. ಕರೆದಾಗಲೆಲ್ಲ ಅವಳು ಹಿಗ್ಗುತ್ತಿದ್ದಳು. ಒಂದು ದಿನ ಅವಳು ಬೆರಳುಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದಾಗ, ಥಾಮಸಿನ್ ಮೊಳೆಯಿಂದ ಅದರ ನೆತ್ತಿಗೆ ತೂತು ಹೊಡೆದು, ದಾರ ಪೋಣಿಸಿ, ಅವಳ ಕೊರಳಿಗೆ ಕಟ್ಟಿದ್ದಳು. ಅವರ ಹೆಂಗಸರು ಅದನ್ನು ಹಾಗೆ ತೊಡುವುದು. ಹೊಲಿಯುವವರು ಯಾರಾದರೂ ಬೆರಳುಟೋಪಿಗೆ ತೂತು ಹೊಡೆಯುತ್ತಾರೆಯೇ?

ಆನಿಸ್‌ಳ ಕೈ ಬಟ್ಟೆಯ ಮಡಿಕೆಯೊಳಗೆ ಬಿಗಿಯಿತು. ಜರ್ವೇಸನಿಗೆ ಇದು ಹೊಳೆದಿರಲಿಲ್ಲ. ಬೆರಳುಟೋಪಿಯ ನೆತ್ತಿಯನ್ನು ನೋಡಿದ ಗಂಡಸು ಯಾವ ಊರಲ್ಲಿದ್ದಾನೆ?

"ಆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅವಳು ಓಡಿ ಬಂದ್ಲು," ಎಂದಳು ಥಾಮಸಿನ್. "ನನ್ನ ರಟ್ಟೆ ಹಿಡಿದು ಹೊರಗೆ ಎಳೆದ್ಲು. ನಂಗೆ ಅರ್ಥ ಆಗ್ಲಿಲ್ಲ, ಜಗಳಕ್ಕೆ ನಿಂತೆ. ಅಷ್ಟರಲ್ಲಿ ಅವ್ರೆಲ್ಲ ಬಂದ್ರು. ನನ್ನ ದರದರ ಎಳ್ಕೊಂಡು ಹೋದ್ರು. ತಿರುಗಿ ನೋಡಿದ್ರೆ ಅವಳು ಮತ್ತೆ ಮನೆಯೊಳಕ್ಕೆ ಹೋಗ್ತಿದ್ಲು. ಸೂರು ಆಗ್ಲೇ ಹತ್ತಿಕೊಂಡಿತ್ತು."

"ಯಾಕೆ ಹೋದ್ಲು ಒಳಗೆ?"

"ಗೊತ್ತಿಲ್ಲ ಕಣೆ. ಜರ್ವೇಸ್ ಒಳಗವನೆ ಅನ್ಕೊಂಡ್ಲೋ, ಏನಾದ್ರೂ ತರೋಕೆ ಹೋದ್ಲೋ. ವರ್ಷವೆಲ್ಲ ಯೋಚ್ನೆ ಮಾಡಿದೀನಿ. ಗೊತ್ತಾಗಲ್ಲ."

ಅವಳನ್ನು ಆ ವರ್ಷ ಸಾಕಿದ್ದು ನೆಟೊಪುವಿನ ತಾಯಿ. ಹೋದ ಮಗಳ ಜಾಗಕ್ಕೆ ಇವಳು ಎಂದು ಮುದುಕಿ ತನ್ನ ಚಾಪೆಯಲ್ಲಿ ಮಲಗಿಸಿಕೊಂಡಳು, ತನ್ನ ಪಾತ್ರೆಯಲ್ಲಿ ಉಣ್ಣಿಸಿದಳು. ಅಲ್ಲಿನ ಮಾತು ಕಲಿತ ಮೇಲೆಯೇ ಥಾಮಸಿನ್‌ಗೆ ತಿಳಿದದ್ದು, ನೆಟೊಪು ಎಂದರೆ ಹೆಸರಲ್ಲ, ಗೆಳತಿ ಎಂದು. ಅವಳು ತನ್ನ ಹೆಸರನ್ನು ಹೇಳಿಯೇ ಇರಲಿಲ್ಲ. ಇವಳನ್ನು ಗೆಳತಿ ಎಂದು ಕರೆಯುತ್ತಿದ್ದಳು, ಅಷ್ಟೆ.

"ನಾನು ದೋಣಿ ಹತ್ತೋವಾಗ ಮುದುಕಿ ದಡಕ್ಕೆ ಬಂದ್ಲು," ಎಂದಳು. "ಮಗಳ ಕೊರಳಲ್ಲಿ ಹೊಳೆಯೋದು ಒಂದಿತ್ತಲ್ಲ, ಅದನ್ನ ಅವಳ ಜೊತೆ ಹೂಳಿದಾರಾ, ನೋಡಿ ತಿಳ್ಸು ಅಂದ್ಲು. ಅವರಲ್ಲಿ ತೊಡೋ ಒಡವೆ ಜೊತೆಗೇ ಹೋಗ್ಬೇಕು. ಇಲ್ದಿದ್ರೆ ಬರಿಮೈಯಲ್ಲಿ ಕಳಿಸಿದ ಹಾಗೆ ಅಂತೆ." ಮಸಿ ಮೆತ್ತಿದ ಮುಖವನ್ನು ಎತ್ತಿ ಕೇಳಿದಳು. "ಹೂಳಿದ್ರಾ? ನಿಂಗೇನಾದ್ರೂ ಗೊತ್ತಾ?"

ಆನಿಸ್ ಕೈ ಹೊರಗೆ ತೆಗೆದಳು. ಇಬ್ಬರೂ ಅವಳ ಬೆರಳನ್ನು ನೋಡಿದರು. ಥಾಮಸಿನ್ ಕೈ ಚಾಚಲಿಲ್ಲ, ಕೊಡು ಎನ್ನಲೂ ಇಲ್ಲ. ಸಿಸ್ಲಿ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು ಎಂದು ತೋರುತ್ತದೆ. ಸುಮ್ಮನೆ ಎದ್ದು ಹಳ್ಳಕ್ಕೆ ಮುಖ ತೊಳೆಯಲು ಹೋದಳು.

ಆ ದಿನ ಆನಿಸ್‌ಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಅತ್ತ ದರಿ, ಇತ್ತ ಪುಲಿ. ಬೆರಳುಟೋಪಿ ತೋರಿಸಿದರೆ ಕ್ಯಾಪ್ಟನ್ ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಅವನು ಕಾಡಿನವರೊಡನೆ ವರ್ಷಗಟ್ಟಲೆ ಕೊಟ್ಟು ತಂದವನು, ನೆತ್ತಿಯ ತೂತು ನೋಡಿದರೆ ಅದು ಯಾರ ಕೊರಳಿನದೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಾನೆ. ಆಮೇಲೆ ಊರು ಬಿಡುತ್ತದೆಯೇ? ಹೋದ ಚಳಿಗಾಲದಲ್ಲಿ ಕಾಡಿನವರ ಒಂದು ಹೆಣ ತೇಲಿ ಬಂದಾಗ ಅದನ್ನು ಹಂದಿಗಳಿಗೆ ಬಿಟ್ಟವರು ನಾವು. ತನ್ನ ಮಕ್ಕಳ ಪಕ್ಕದಲ್ಲಿ ಮಲಗಿರುವುದು ಕಾಡಿನವಳು ಎಂದು ತಿಳಿದರೆ ಸಿಸ್ಲಿ ಉಗುರಿನಲ್ಲೇ ಅಗೆದು ಹೊರಗೆ ಹಾಕಿಯಾಳು.

ತೋರಿಸದಿದ್ದರೆ ಮದುವೆ ಹೋಯಿತು. ಮಗುವಿಗೆ ಹೆಸರಿಲ್ಲ.

ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಒಂದು ಚಳಿಗಾಲ ಪೂರ್ತಿ ಅವಳು ತನ್ನ ಗುಟ್ಟನ್ನೆಲ್ಲ ಒಬ್ಬ ಕಾಡಿನವಳಿಗೆ ಹೇಳಿಕೊಂಡಿದ್ದಳು. ಗಂಡನ ಗೊರಕೆಯನ್ನು, ಹೊಟ್ಟೆಯ ಕೂಸನ್ನು, ಬ್ರಿಸ್ಟಲ್‌ನಲ್ಲಿ ಬಿಟ್ಟು ಬಂದ ತಾಯಿಯನ್ನು. ಅವಳಿಗೆ ಒಂದು ಪದವೂ ಅರ್ಥವಾಗಿರಲಿಕ್ಕಿಲ್ಲ. ಹಾಗಾದರೆ ಇಷ್ಟು ದಿನ ಕೇಳಿಸಿಕೊಂಡವರು ಯಾರು? ಯೋಚಿಸಿದಷ್ಟೂ ತಲೆ ಗೊಜ್ಜಾಯಿತು. ಜರ್ವೇಸನನ್ನು ಕೇಳೋಣವೆಂದು ಕೊಟ್ಟಿಗೆಗೆ ಹೋದಳು. ಅವನು ಒಡೆದ ಸೌದೆಯನ್ನು ಒಂದು ಗೋಡೆಯಿಂದ ತೆಗೆದು ಇನ್ನೊಂದು ಗೋಡೆಗೆ ಒಟ್ಟುತ್ತಿದ್ದ. ನೀನು ಯಾರನ್ನು ಬಯಸುತ್ತೀ ಎಂದು ನೇರವಾಗಿ ಕೇಳಿದಳು. ಅವನು ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟು, ಅವಳನ್ನು ನೋಡಿದರೆ ಅಳು ಬರುತ್ತದೆ, ನಿನ್ನನ್ನು ನೋಡಿದರೆ ಭಯವಾಗುತ್ತದೆ ಎಂದ. ಆ ಉತ್ತರವನ್ನು ಇಟ್ಟುಕೊಂಡು ಏನು ಮಾಡುವುದೋ ಅವಳಿಗೆ ತಿಳಿಯಲಿಲ್ಲ.

ಸಂಜೆ ಥಾಮಸಿನ್ ರೊಟ್ಟಿ ತಟ್ಟುತ್ತಿದ್ದಳು. ಆನಿಸ್ ಎದುರಿಗೆ ನಿಂತು, ನಿಮಗೆ ಜರ್ವೇಸ್ ಬೇಕಾ ಎಂದಳು.

"ಅಲ್ಲಿದ್ದಾಗ ದಿನಾ ಇಲ್ಲಿಗೆ ಅಂತ ಅತ್ತೆ," ಎಂದಳು ಥಾಮಸಿನ್, ತಲೆ ಎತ್ತದೆ. "ಇಲ್ಲಿ ಬಂದು ಆ ಮುದುಕಿಗೆ ಅಂತ ಅಳ್ತಿದೀನಿ. ನಂಗೇನು ಬೇಕು ಅಂತ ನಂಗೇ ಗೊತ್ತಿದ್ರೆ ನಿಂಗೆ ಹೇಳ್ದೆ ಇರ್ತಿದ್ನಾ?"

ಭಾನುವಾರ ಇಗರ್ಜಿ ತುಂಬಿತ್ತು. ಗಂಡಸರು ಬಂದೂಕುಗಳನ್ನು ಗೋಡೆಗೆ ಒರಗಿಸಿ ಕೂತಿದ್ದರು, ಆ ಬೆಳಿಗ್ಗೆಯ ನಂತರ ನಮ್ಮಲ್ಲಿ ಪ್ರಾರ್ಥನೆಗೂ ಬಂದೂಕು ಬರುತ್ತಿತ್ತು. ಆನಿಸ್ ತಡವಾಗಿ ಬಂದಳು, ಏದುಸಿರು ಬಿಡುತ್ತ ಹೆಂಗಸರ ಬೆಂಚಿನಲ್ಲಿ ಥಾಮಸಿನ್‌ಳ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲೇ ಕೂರಬೇಕಾಯಿತು. ಅಲ್ಲಿ ಕೂರಲು ಬೇರೆ ಯಾರಿಗೂ ಧೈರ್ಯವಾಗಿರಲಿಲ್ಲ. ಇಬ್ಬರು ಹೆಂಡಿರು ಒಂದೇ ಬೆಂಚಿನಲ್ಲಿ ಕೂತದ್ದನ್ನು ನೋಡಿ ಹಿಂದಿನಿಂದ ಯಾರೋ ಕಿಸಕ್ಕೆಂದರು.

ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಜರ್ವೇಸನನ್ನು ನಿಲ್ಲಿಸಿದ. ಅವನು ಬೂದಿಯ ವಿಷಯ ಹೇಳಿದ, ಬೆರಳುಟೋಪಿಯ ವಿಷಯ ಹೇಳಿದ, ಹೇಳುತ್ತ ಅತ್ತ. ಕ್ಯಾಪ್ಟನ್ ಟ್ರೆವಿಲ್ ಕೇಳಿಸಿಕೊಂಡು, ಹಾಗಾದರೆ ಅದನ್ನು ತೋರಿಸಿ, ನೋಡೋಣ ಎಂದ. ಎಲ್ಲರೂ ಆನಿಸ್‌ಳ ಕಡೆ ತಿರುಗಿದರು. ಸಿಸ್ಲಿ ಹಿಂದಿನ ಬೆಂಚಿನಿಂದ ಅವಳ ಬೆನ್ನು ತಿವಿದಳು.

ಆನಿಸ್ ಎದ್ದು ನಿಂತಳು. ಬೆರಳು ಬರಿದಾಗಿತ್ತು.

"ಇಲ್ಲ," ಎಂದಳು. "ನೀರು ಸೇದೋವಾಗ ಬಾವಿಗೆ ಬಿತ್ತು."

ಯಾವಾಗ ಎಂದು ಪಾದ್ರಿ ಕೇಳಿದ. ಇವತ್ತು ಬೆಳಿಗ್ಗೆ ಎಂದಳು. ಇವತ್ತೇ ಬೀಳಬೇಕಾಗಿತ್ತೇ ಎಂದು ಒಬ್ಬ ಗಂಡಸು ಜೋರಾಗಿಯೇ ನಕ್ಕ. ಜರ್ವೇಸ್ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ, ದಾರಿ ತಪ್ಪಿದ ಎತ್ತಿನ ಮುಖವಿತ್ತು. ನಿನ್ನ ತಲೆಗೆ ಮಣ್ಣು ಬೀಳ ಎಂದು ಸಿಸ್ಲಿ ಗೊಣಗಿದ್ದು ಎಲ್ಲಕ್ಕೂ ಮುಂದಿನ ಬೆಂಚಿನವರೆಗೂ ಕೇಳಿಸಿತು.

ಥಾಮಸಿನ್ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಣ್ಣು ಪಕ್ಕದಲ್ಲಿ ಬೆಂಚನ್ನು ಹಿಡಿದುಕೊಂಡಿದ್ದ ಆನಿಸ್‌ಳ ಕೈಯ ಮೇಲಿತ್ತು. ಐದೂ ಉಗುರುಗಳ ಸಂದಿಯಲ್ಲಿ ಕಪ್ಪು ಮಣ್ಣು ತುಂಬಿತ್ತು. ಬಾವಿಯಲ್ಲಿ ಬೆರಳುಟೋಪಿ ಕಳೆದುಕೊಂಡವರ ಉಗುರಿಗೆ ಮಣ್ಣು ಬರುವುದಿಲ್ಲ.

ಕ್ಯಾಪ್ಟನ್ ಥಾಮಸಿನ್‌ಳನ್ನು ಎಬ್ಬಿಸಿ ಕೇಳಿದ. ನೀನಿಲ್ಲಿ ನಿಂತಿದ್ದೀಯೆ. ಹಾಗಾದರೆ ಆ ಗೋರಿಯಲ್ಲಿರುವುದು ಯಾರು?

ಆನಿಸ್ ಕಣ್ಣು ಮುಚ್ಚಿಕೊಂಡಳು. ಹೊಟ್ಟೆಯೊಳಗೆ ಕೂಸು ಒದೆಯಿತು.

"ಗೊತ್ತಿಲ್ಲ ದೊರೆ," ಎಂದಳು ಥಾಮಸಿನ್. "ಆ ಬೆಳಿಗ್ಗೆ ನಾನು ನನ್ನ ಜೀವ ಬಿಟ್ಟು ಬೇರೇನೂ ನೋಡ್ಲಿಲ್ಲ."

ಪಾದ್ರಿ ಒಳ್ಳೆಯ ಮನುಷ್ಯ. ಬಹಳ ಹೊತ್ತು ಗಡ್ಡ ಸವರಿಕೊಂಡು, ಯಾರ ಮನೆಯ ಹೆಣ್ಣುಮಗಳೋ, ಹಡಗಿನಿಂದ ಬಂದು ಹೆಸರು ಬರೆಸುವ ಮೊದಲೇ ಹೋದ ನಮ್ಮ ಯಾವ ಬಡವಿಯೋ, ಅವಳ ಹೆಸರು ದೇವರಿಗೆ ಗೊತ್ತು ಎಂದ. ಎಲ್ಲರೂ ಮೊಣಕಾಲೂರಿ ಅವಳಿಗಾಗಿ ಪ್ರಾರ್ಥಿಸೋಣ ಎಂದ. ಇಡೀ ಮೆರಿಡನ್ ಹಂಡ್ರೆಡ್ ಮೊಣಕಾಲೂರಿತು, ಬಂದೂಕಿನ ಗಂಡಸರೂ. ಎಲ್ಲರಿಗಿಂತ ಗಟ್ಟಿಯಾಗಿ ಪ್ರಾರ್ಥಿಸಿದವಳು ಸಿಸ್ಲಿ. ನನ್ನ ಮಕ್ಕಳ ಪಕ್ಕದಲ್ಲಿ ಮಲಗಿದವಳನ್ನು ನಿನ್ನ ಮಡಿಲಲ್ಲಿ ಇಟ್ಟುಕೋ ತಂದೆ ಎಂದು ಬಿಕ್ಕಿದಳು. ಆನಿಸ್‌ಗೆ ಅಳು ಬಂದದ್ದೂ ಆಗಲೇ. ತಾನು ಯಾವುದಕ್ಕೆ ಅಳುತ್ತಿದ್ದೇನೆ, ಸುಳ್ಳಿಗೋ, ಹೋದ ಮದುವೆಗೋ, ಸಿಸ್ಲಿಯ ಪ್ರಾರ್ಥನೆಗೋ ಎಂದು ಬಿಡಿಸಿ ನೋಡಲು ಅವಳಿಂದಾಗಲಿಲ್ಲ.

ತೀರ್ಪು ಎಂದು ಹೇಳುವಂಥದ್ದು ಏನೂ ಬರಲಿಲ್ಲ. ಕೈಯಲ್ಲಿ ಗುರುತಿಲ್ಲದ್ದರಿಂದ ಎರಡನೆಯ ಮದುವೆಯ ಪರವಾಗಿ ತಾನು ಹೇಳಲಾರೆ, ಆದರೆ ಬಸುರಿಯನ್ನು ಬೀದಿಗೆ ಹಾಕೆಂದೂ ಹೇಳಲಾರೆ ಎಂದ ಪಾದ್ರಿ. ಜೇಮ್ಸ್‌ಟೌನಿನಿಂದ ಮಾತು ಬರುವವರೆಗೆ ಜರ್ವೇಸ್ ಬೇಲಿಯ ಕಾವಲುಮನೆಯಲ್ಲಿ ಮಲಗಬೇಕು, ಹೆಂಗಸರಿಬ್ಬರೂ ಮನೆಯಲ್ಲಿರಬೇಕು. ಆ ಮಾತು ಬೇಸಿಗೆಯಲ್ಲಿ ಬರುತ್ತದೋ, ಕೂಸು ಹುಟ್ಟಿದ ಮೇಲೆ ಬರುತ್ತದೋ ಯಾರಿಗೆ ಗೊತ್ತು. ಜನ ಎದ್ದು ಹೊರಟರು. 'ಗಂಡ ಕಾವಲಿಗೆ, ಹೆಂಡಿರು ಹೊಲಿಗೆಗೆ' ಎಂಬ ಮಾತು ಅಂದೇ ಹುಟ್ಟಿ, ಬಹಳ ದಿನ ನಮ್ಮ ಊರಿನಲ್ಲಿ ಓಡಾಡಿತು.

ಸಿಸ್ಲಿ ಬಾಗಿಲಲ್ಲಿ ಆನಿಸ್‌ಳನ್ನು ತಡೆದು ನಿಲ್ಲಿಸಿ, ಅವಳ ಮುಖವನ್ನೇ ನೋಡಿದಳು. ತನ್ನ ಬಟ್ಟೆಯ ಅಂಚಿನಿಂದ ಅವಳ ಮೂಗು ಒರೆಸಿ, ನಡಿ ಮನೆಗೆ, ಬಿಸಿಲು ತಾಗುತ್ತೆ ಎಂದು ಕಳಿಸಿದಳು.

ಮನೆಗೆ ಹೋಗುವ ದಾರಿ ಗೋರಿಗಳ ಪಕ್ಕದಿಂದಲೇ. ಸಿಂಪಿಯ ಚಿಪ್ಪುಗಳ ಸಾಲು ತಲೆಯ ಬಳಿ ಒಂದು ಕಡೆ ಸೊಟ್ಟಗಾಗಿತ್ತು, ಅಲ್ಲಿನ ಮಣ್ಣು ಹಸಿಯಾಗಿತ್ತು. ಥಾಮಸಿನ್ ನಡೆಯುತ್ತಲೇ ಬಗ್ಗಿ ಎರಡು ಚಿಪ್ಪುಗಳನ್ನು ನೆಟ್ಟಗೆ ಮಾಡಿ, ಹಸಿ ಮಣ್ಣಿನ ಮೇಲೆ ಒಂದು ಹಿಡಿ ಒಣಮಣ್ಣು ಉದುರಿಸಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋದಳು.

ಸಂಜೆ ಆನಿಸ್ ಬಾಗಿಲ ಬೆಳಕಿನಲ್ಲಿ ಕೂತು ಕೂಸಿನ ಕುಲಾವಿ ಹೊಲಿಯತೊಡಗಿದಳು. ಬಟ್ಟೆ ದಪ್ಪನಾಗಿತ್ತು, ಸೂಜಿಯನ್ನು ಬರಿ ಬೆರಳಿನಲ್ಲಿ ತಳ್ಳಬೇಕಾಗಿತ್ತು. ಮೂರನೆಯ ಹೊಲಿಗೆಗೇ ರಕ್ತ ಬಂತು. ಬೆರಳು ಚೀಪಿಕೊಂಡು ಮತ್ತೆ ಹಿಡಿದಳು, ಮತ್ತೆ ಚುಚ್ಚಿತು. ಒಲೆಯ ಹತ್ತಿರವಿದ್ದ ಥಾಮಸಿನ್ ಅದನ್ನು ನೋಡುತ್ತಿದ್ದಳು. ಎದ್ದು ಬಂದು, ತಾನು ಹೊದ್ದು ಬಂದಿದ್ದ ಜಿಂಕೆಯ ಚರ್ಮದ ಅಂಚಿನಿಂದ ಚಾಕುವಿನಲ್ಲಿ ಒಂದು ಪಟ್ಟಿ ಕೊಯ್ದಳು. ಎದುರಿಗೆ ನೆಲದ ಮೇಲೆ ಕೂತು, ಆನಿಸ್‌ಳ ಬೆರಳನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು, ಆ ಮೆತ್ತನೆಯ ಚರ್ಮವನ್ನು ಸುತ್ತತೊಡಗಿದಳು. ಉಗುರಿನಲ್ಲಿ ಉಳಿದಿದ್ದ ಮಣ್ಣು ಅದರಡಿ ಮುಚ್ಚಿಹೋಯಿತು.

"ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟು, ಅಕ್ಕ," ಎಂದಳು ಆನಿಸ್.

ಥಾಮಸಿನ್ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದಳು.